ನಿಂತ ಹಡಗಿಗೆ ಬಿಡುವಿಲ್ಲ

ಕಾರನ್ನು ಎರಡು ತಿಂಗಳು ಸುಮ್ನೆ ನಿಲ್ಲಿಸಿದರೆ ಹೆಚ್ಚೆಂದರೆ ಬ್ಯಾಟರಿ ಕೈಕೊಡುತ್ತದೆ. ಕ್ರೂಸ್ ಹಡಗಿಗೆ ಹಾಗೆ ಬೀಗ ಜಡಿದು ಮನೆಗೆ ಹೋಗಲು ಆಗುವುದಿಲ್ಲ. 2020ರಲ್ಲಿ ಪ್ರಪಂಚದ ಕ್ರೂಸ್ ಕಂಪನಿಗಳೆಲ್ಲ ಒಂದೇ ಸಲ ಈ ತಲೆನೋವಿಗೆ ಸಿಕ್ಕಿಕೊಂಡವು.

ಮೊದಲು ಸುದ್ದಿಯಾದದ್ದು ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದ ಪ್ರಯಾಣಿಕರೊಬ್ಬರಿಗೆ ಕೋವಿಡ್ ಇರುವುದು ಆಮೇಲೆ ಗೊತ್ತಾಯಿತು. ಫೆಬ್ರವರಿ 3ರಂದು ಹಡಗು ಜಪಾನಿನ ಯೊಕೊಹಾಮಾ ತಲುಪಿತು. ಒಳಗಿದ್ದವರು 3,711 ಜನ. ಪ್ರಯಾಣಿಕರನ್ನು ಕ್ಯಾಬಿನ್‌ಗಳಲ್ಲೇ ಇರಿಸಿದರು. ಆದರೆ ಅವರಿಗೆ ಊಟ ತಲುಪಿಸುವವರು ಓಡಾಡಲೇಬೇಕು, ಅಲ್ವಾ? ಸಿಬ್ಬಂದಿ ಒಟ್ಟಿಗೇ ಕೂತು ಉಣ್ಣುತ್ತಿದ್ದರು, ಇಕ್ಕಟ್ಟಾದ ಕೋಣೆಗಳನ್ನು ಹಂಚಿಕೊಂಡು ಮಲಗುತ್ತಿದ್ದರು. ಕೊನೆಗೆ ಸೋಂಕು ತಗುಲಿದ್ದು 712 ಜನರಿಗೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿಗೆ ಯಾವ ಲಕ್ಷಣವೂ ಇರಲಿಲ್ಲ. ದಡದ ಮೇಲೆ ಆಗ ಪರೀಕ್ಷೆಯಾಗುತ್ತಿದ್ದದ್ದು ಹೆಚ್ಚಾಗಿ ಕಾಯಿಲೆ ಬಿದ್ದವರಿಗೆ. ಹಡಗಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಯಿತು. ಹಾಗಾಗಿ ಈ ಗುಟ್ಟು ಬಯಲಾಯಿತು.

ಹೆದರಿಕೆ ಹಬ್ಬಿತು. ವೆಸ್ಟರ್‌ಡ್ಯಾಮ್ ಎಂಬ ಇನ್ನೊಂದು ಹಡಗನ್ನು ಒಂದಾದ ಮೇಲೊಂದು ಬಂದರುಗಳು ಹತ್ತಿರ ಸೇರಿಸಲಿಲ್ಲ. ಕೊನೆಗೆ ಬರಮಾಡಿಕೊಂಡದ್ದು ಕಾಂಬೋಡಿಯ. ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕ್ರೂಸ್ ಸಂಚಾರ ನಿಲ್ಲಿಸಲು ಆದೇಶಿಸಿತು. ಮುಂದಿನ ತಿಂಗಳುಗಳಲ್ಲಿ ಫಿಲಿಪ್ಪೀನ್ಸಿನ ಮನಿಲಾ ಕೊಲ್ಲಿಯಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯಾಚೆ ಖಾಲಿ ಹಡಗುಗಳು ಲಂಗರು ಹಾಕಿ ನಿಂತವು.

ಖಾಲಿ ಅಂದರೆ ಪ್ರಯಾಣಿಕರಿಲ್ಲ ಅಂತ ಅಷ್ಟೇ. ಹಡಗನ್ನು ಹೀಗೆ ನಿಲ್ಲಿಸಿಡುವುದಕ್ಕೆ ಲೇ-ಅಪ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ವಾರ್ಮ್ ಲೇ-ಅಪ್‌ನಲ್ಲಿ ಜನರೇಟರ್ ಓಡುತ್ತಿರುತ್ತದೆ, ಬೇಕೇಬೇಕಾದಷ್ಟು ಸಿಬ್ಬಂದಿ ಒಳಗಿರುತ್ತಾರೆ. ಕೋಲ್ಡ್ ಲೇ-ಅಪ್‌ನಲ್ಲಿ ಬಹುತೇಕ ಎಲ್ಲವೂ ಬಂದ್. ಎರಡನೆಯದು ಅಗ್ಗ, ಆದರೆ ಮತ್ತೆ ಹೊರಡಿಸಲು ಸಮಯವೂ ದುಡ್ಡೂ ಜಾಸ್ತಿ.

ಮೊದಲ ಕಾಟ ನೀರಿನಡಿ. ಹಡಗಿನ ಹೊಟ್ಟೆಗೆ ಬಳಿಯುವ ಒಂದು ಬಗೆಯ ಸಿಲಿಕೋನ್ ಬಣ್ಣ ತುಂಬಾ ನುಣುಪು. ಹಡಗು ವೇಗವಾಗಿ ಸಾಗುವಾಗ ಅದರ ಮೇಲೆ ಅಂಟಿದ ಜೀವಿಗಳನ್ನು ನೀರೇ ತೊಳೆದುಹಾಕುತ್ತದೆ. ನಿಂತಲ್ಲೇ ನಿಂತರೆ ಆ ಜಾರುವ ಗುಣ ಕೆಲಸಕ್ಕೆ ಬರುವುದಿಲ್ಲ. ಮೊದಲು ಲೋಳೆ, ಆಮೇಲೆ ಪಾಚಿ, ಆಮೇಲೆ ಗಟ್ಟಿ ಚಿಪ್ಪಿನ ಬಾರ್ನಕಲ್‌ಗಳು. ಮೈ ಒರಟಾದ ಹಡಗು ಮುಂದೆ ಸಾಗಲು ಜಾಸ್ತಿ ಇಂಧನ ಕುಡಿಯುತ್ತದೆ. ಎಂಜಿನ್ನು ಮತ್ತು ಪ್ರೊಪೆಲರಿನ ದಂಡವನ್ನೂ ಆಗಾಗ ತಿರುಗಿಸುತ್ತಿರಬೇಕು. ಅಷ್ಟು ಭಾರ ಬಹಳ ದಿನ ಒಂದೇ ಜಾಗದ ಮೇಲೆ ಕೂತರೆ ಬೇರಿಂಗ್‌ಗಳಿಗೆ ಒಳ್ಳೆಯದಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನಲ್ಲಿಗಳ ಕಥೆ. ಹಡಗಿನೊಳಗೆ ಸಾವಿರಾರು ನಲ್ಲಿ, ಷವರ್. ಯಾರೂ ತಿರುಗಿಸದಿದ್ದರೆ ಪೈಪಿನಲ್ಲಿ ನೀರು ನಿಂತು ಉಗುರುಬೆಚ್ಚಗಾಗುತ್ತದೆ. ಲೀಜನೆಲ್ಲಾ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. 25ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಕುಡಿದರೆ ಅಷ್ಟು ಅಪಾಯವಿಲ್ಲ. ಷವರಿನ ಸಣ್ಣ ಹನಿಗಳ ಜೊತೆ ಶ್ವಾಸಕೋಶ ಸೇರಿದರೆ ನ್ಯುಮೋನಿಯ ಬರುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಅಮೆರಿಕನ್ ಲೀಜನ್ ಸಂಘದ ಮಾಜಿ ಸೈನಿಕರು ಕಾಯಿಲೆ ಬಿದ್ದರು, ಮರುವರ್ಷದ ಆರಂಭದಲ್ಲಿ ಈ ರೋಗಾಣು ಪತ್ತೆಯಾಯಿತು. ಹೆಸರು ಬಂದದ್ದೂ ಅಲ್ಲಿಂದಲೇ. ಅಂದರೆ ಒಂದು ಸೋಂಕಿಗೆ ಹೆದರಿ ನಿಲ್ಲಿಸಿದ ಹಡಗಿನ ಹೊಟ್ಟೆಯಲ್ಲಿ ಇನ್ನೊಂದು ಸೋಂಕು ಮೊಳೆಯಬಹುದು! ಹಾಗಾಗಿ ಯಾರೂ ಮಲಗದ ಕ್ಯಾಬಿನ್‌ಗಳ ಬಾಗಿಲು ತೆರೆದು, ನಲ್ಲಿ ಬಿಟ್ಟು, ಫ್ಲಶ್ ಮಾಡಿ, ಮುಂದಿನ ಕೋಣೆಗೆ ಹೋಗುವುದೇ ಕೆಲವರ ಕೆಲಸವಾಗುತ್ತದೆ. ಜೊತೆಗೆ ಗೋಡೆ, ಹಾಸಿಗೆಗೆ ಬೂಷ್ಟು ಹಿಡಿಯದಂತೆ ಗಾಳಿಯ ತೇವವನ್ನೂ ಇಳಿಸಿಡಬೇಕು.

ಇಷ್ಟೆಲ್ಲ ಖರ್ಚು ಮಾಡಿ ಕಾಯುವಷ್ಟು ಬೆಲೆ ಎಲ್ಲ ಹಡಗುಗಳಿಗೂ ಇರಲಿಲ್ಲ. 1990ರಲ್ಲಿ ಯಾನ ಶುರು ಮಾಡಿದ್ದ ಕಾರ್ನಿವಲ್ ಫ್ಯಾಂಟಸಿ 2020ರ ಜುಲೈನಲ್ಲಿ ಟರ್ಕಿಯ ಅಲಿಯಾಗಾ ಎಂಬಲ್ಲಿನ ಹಡಗು ಒಡೆಯುವ ಅಂಗಳ ಸೇರಿತು. ಅದರ ನಲ್ಲಿಗಳನ್ನು ಇನ್ನು ಯಾರೂ ತಿರುಗಿಸಬೇಕಾಗಿರಲಿಲ್ಲ.