ನೋವು ಹೋಗಲಿ, ಆಮೇಲೆ ನಿದ್ದೆ ಅಂತ ಕಾಯಬೇಡಿ

ವರ್ಷಗಟ್ಟಲೆ ಸೊಂಟ ನೋವು, ಮಂಡಿ ನೋವು, ಮೈಕೈ ನೋವು ಅನುಭವಿಸುತ್ತಿರುವವರು ಕ್ಲಿನಿಕ್‌ಗೆ ಬಂದಾಗ ನಿದ್ದೆಯ ವಿಷಯ ಅವರಾಗಿ ಎತ್ತುವುದು ಕಡಿಮೆ. ನಾನೇ ಕೇಳಿದರೆ, "ನೋವು ಹೋದ್ರೆ ನಿದ್ದೆ ತಾನಾಗೇ ಬರುತ್ತೆ ಡಾಕ್ಟ್ರೇ" ಅನ್ನುತ್ತಾರೆ. ನೋವಿದ್ದರೆ ನಿದ್ದೆ ಕೆಡುತ್ತದೆ, ನಿಜ. ಆದರೆ ರಾತ್ರಿ ನಿದ್ದೆ ಕೆಟ್ಟರೆ ಮಾರನೆಯ ದಿನ ಅದೇ ನೋವು ಜಾಸ್ತಿ ಕಾಡುತ್ತದೆ. ಇದನ್ನು ಬಹಳ ಜನ ಗಮನಿಸಿರುವುದೇ ಇಲ್ಲ.

1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮೊಲ್ಡೋಫ್‌ಸ್ಕಿ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಯಾವ ನೋವೂ ಇಲ್ಲದ ಆರೋಗ್ಯವಂತರನ್ನು ಮಲಗಿಸಿ, ಅವರು ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೆ ಮೈಕೈ ನೋವು ಶುರುವಾಯಿತು. ಸ್ನಾಯು ಒತ್ತಿದರೆ ನೋಯತೊಡಗಿತು. ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ, ಇರುವವರು ಹೇಳುವುದು ಹೆಚ್ಚುಕಡಿಮೆ ಇದನ್ನೇ.

2007ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಆರೋಗ್ಯವಂತ ಮಹಿಳೆಯರಲ್ಲಿ ಕೆಲವರನ್ನು ತಡವಾಗಿ ಮಲಗಿಸಿದರು, ಕೆಲವರನ್ನು ರಾತ್ರಿಯಿಡೀ ಆಗಾಗ ಎಬ್ಬಿಸಿದರು. ಎರಡೂ ಗುಂಪಿನವರಿಗೆ ಸಿಕ್ಕ ಒಟ್ಟು ನಿದ್ದೆ ಹೆಚ್ಚುಕಡಿಮೆ ಒಂದೇ. ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲೇ ತಗ್ಗಿಸುವ ವ್ಯವಸ್ಥೆ ನಮ್ಮ ಮೆದುಳಿಗಿದೆ. ಆಗಾಗ ಎಬ್ಬಿಸಿದವರಲ್ಲಿ ಆ ಶಕ್ತಿ ಕುಗ್ಗಿತ್ತು. ಅದಕ್ಕೇ ಎಷ್ಟು ಗಂಟೆ ಮಲಗಿದಿರಿ ಅನ್ನುವುದಕ್ಕಿಂತ, ನಡುವೆ ಎಷ್ಟು ಸಲ ಎಚ್ಚರವಾಯಿತು, ಯಾಕೆ ಎಚ್ಚರವಾಯಿತು ಅಂತ ನಾನು ಮೊದಲು ಕೇಳುತ್ತೇನೆ.

ಉತ್ತರ ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಜೋರು ಗೊರಕೆ, ನಡುನಡುವೆ ಉಸಿರು ಕಟ್ಟುತ್ತದೆ. ಕೆಲವರಿಗೆ ಮಲಗಿದ ತಕ್ಷಣ ಕಾಲು ಆಡಿಸಲೇಬೇಕು ಅನ್ನಿಸುತ್ತದೆ. ಅಂಥವರಲ್ಲಿ ಕಬ್ಬಿಣಾಂಶ ಪರೀಕ್ಷಿಸಬೇಕು. ಬೆನ್ನು ನೋವಿನವರಿಗೆ ಮಗ್ಗುಲು ಬದಲಿಸುವಾಗ ಚಳುಕು ಬರುತ್ತದೆ. ಎರಡೂ ಮಂಡಿ ಮಡಚಿ, ಉಸಿರು ಬಿಡುತ್ತಾ, ಭುಜ ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ. ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ಇಷ್ಟರಿಂದಲೇ ಕೆಲವರಿಗೆ ಎಚ್ಚರವಾಗುವುದು ಕಡಿಮೆಯಾಗುತ್ತದೆ.

ನನಗೆ ಹೆಚ್ಚು ಚಿಂತೆಯಾಗುವುದು ನಿದ್ದೆ ಮಾತ್ರೆಯದ್ದು. ಅಲ್ಪ್ರಜೋಲಾಂನಂಥ ಮಾತ್ರೆ ನಿದ್ದೆ ಬರಿಸುತ್ತದೆ, ಆದರೆ ಗಾಢ ನಿದ್ದೆಯ ಪಾಲನ್ನೇ ಕಡಿಮೆ ಮಾಡುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಯ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಪಕ್ಕದ ಮನೆಯವರು ಕೊಟ್ಟರು ಅಂತ ದಯವಿಟ್ಟು ನುಂಗಬೇಡಿ. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ವೈದ್ಯರನ್ನು ಕೇಳಿ, ನಿಧಾನವಾಗಿ ಇಳಿಸಬೇಕು.

ಇನ್ನೊಂದು ವಿಷಯ ಮಂಚದ್ದು. ನೋವಿದ್ದವರು ಹಗಲೂ ಅಲ್ಲೇ ಇರುತ್ತಾರೆ. ಊಟ, ಟಿವಿ, ಮೊಬೈಲ್ ಎಲ್ಲ ಅಲ್ಲೇ. ಹತ್ತು ಗಂಟೆ ಮಲಗಿರುತ್ತಾರೆ, ನಿದ್ದೆ ಮಾತ್ರ ಐದಾರು ಗಂಟೆ, ಅದೂ ತುಂಡುತುಂಡು. ಇದಕ್ಕೆ ಮಾತ್ರೆಯಿಲ್ಲದ ಒಂದು ಚಿಕಿತ್ಸೆ ಇದೆ. ಬೆಳಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಬೇಕು. ಹಾಸಿಗೆಯಲ್ಲಿರುವ ಸಮಯವನ್ನು ನಿಜವಾಗಿ ಬರುವ ನಿದ್ದೆಗೆ ಹತ್ತಿರ ತರಬೇಕು. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂರಬೇಕು. ಸಂಧಿವಾತ ಇರುವವರಿಗೆ ನಡುರಾತ್ರಿ ಏಳುವುದೇ ಕಷ್ಟ, ಅಲ್ವಾ? ಅವರು ಕೈ ಇರುವ, ಸ್ವಲ್ಪ ಎತ್ತರದ ಕುರ್ಚಿಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಳ್ಳಲಿ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇಂಥ ಚಿಕಿತ್ಸೆಯನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಮೂರ್ಛೆ ರೋಗ, ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ವಿಪರೀತ ಉಬ್ಬಿ, ಕೆಲಕಾಲ ಕುಗ್ಗುವುದು) ಇರುವವರು, ರಾತ್ರಿ ವಾಹನ ಓಡಿಸುವವರು ಮಾತ್ರ ಇದನ್ನು ತಾವೇ ಶುರು ಮಾಡಬಾರದು. ಮೊದಲ ಒಂದೆರಡು ವಾರ ಹಗಲು ತೂಕಡಿಕೆ ಬರುತ್ತದೆ, ಹೆದರಬೇಡಿ. ನಿದ್ದೆ ಮೊದಲು ಸುಧಾರಿಸುತ್ತದೆ. ನೋವು ಇಳಿಯುವುದು ತಡ, ಎಲ್ಲರಿಗೂ ಒಂದೇ ಅಳತೆಯಲ್ಲಿ ಇಳಿಯುವುದೂ ಇಲ್ಲ.

ಮನೆಯವರಿಗೂ ಒಂದು ಮಾತು. ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆದು ಕೊನೆಗೆ ಮಲಗುವವರೂ, ಬೆಳಗ್ಗೆ ನೀರು ಹಿಡಿಯಲು ಮೊದಲು ಏಳುವವರೂ ಮಂಡಿ ನೋವಿನ ತಾಯಿಯೇ. ಆ ಎರಡರಲ್ಲಿ ಒಂದು ಕೆಲಸವನ್ನಾದರೂ ಬೇರೆ ಯಾರಾದರೂ ವಹಿಸಿಕೊಳ್ಳಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವ ಮುಂಚೆ ಎರಡು ವಾರ ಒಂದು ಹಾಳೆಯಲ್ಲಿ ಬರೆದಿಡಿ: ಮಲಗಿದ್ದು ಎಷ್ಟಕ್ಕೆ, ಎಚ್ಚರವಾಗಿದ್ದು ಎಷ್ಟು ಸಲ, ಎದ್ದದ್ದು ಎಷ್ಟಕ್ಕೆ, ಬೆಳಗಿನ ನೋವಿಗೆ ಹತ್ತಕ್ಕೆ ಎಷ್ಟು ಅಂಕ. ಎಂಆರ್‌ಐ ಫೈಲ್ ಜೊತೆಗೆ ಆ ಹಾಳೆಯನ್ನೂ ತೋರಿಸಿ.