ಇಲ್ಲದ ರೋಗಕ್ಕೆ ಮಕ್ಕಳ ಮೇಲೆ ಚಿಕಿತ್ಸೆ

ಸಲಿಂಗ ಒಲವನ್ನು ಚಿಕಿತ್ಸೆಯಿಂದ ಬದಲಿಸಬಹುದು ಎನ್ನುವವರು ಬಹುಕಾಲ ಮುಂದಿಡುತ್ತಿದ್ದ ಪುರಾವೆ, ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ 2003ರಲ್ಲಿ ಪ್ರಕಟಿಸಿದ ಅಧ್ಯಯನ. 1973ರಲ್ಲಿ ಸಲಿಂಗಾಕರ್ಷಣೆಯನ್ನು ಅಲ್ಲಿನ ಮನೋವೈದ್ಯಕೀಯ ಸಂಘದ ರೋಗಪಟ್ಟಿಯಿಂದ ಕೈಬಿಡಿಸಲು ಮುಂದೆ ನಿಂತು ದುಡಿದವರೇ ಅವರಾದ್ದರಿಂದ ಈ ಅಧ್ಯಯನಕ್ಕೆ ಇನ್ನಷ್ಟು ತೂಕ ಬಂತು. ಆದರೆ ಅದರೊಳಗಿದ್ದದ್ದು ಇಷ್ಟೇ: ತಾವು ಬದಲಾಗಿದ್ದೇವೆ ಎನ್ನುತ್ತಿದ್ದ 200 ಜನರನ್ನು ದೂರವಾಣಿಯಲ್ಲಿ ಮಾತನಾಡಿಸಿ, ಚಿಕಿತ್ಸೆಗೆ ಮೊದಲು ಮನಸ್ಸು ಹೇಗಿತ್ತು, ಈಗ ಹೇಗಿದೆ ಎಂದು ಕೇಳಿ ದಾಖಲಿಸಿಕೊಂಡದ್ದು. ಅವರಲ್ಲಿ ಅನೇಕರು ಬಂದದ್ದು ಇಂಥ ಚಿಕಿತ್ಸೆಯ ಪರವಾಗಿ ಪ್ರಚಾರ ಮಾಡುತ್ತಿದ್ದ ಗುಂಪುಗಳ ಮೂಲಕ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದವರ ಗುಂಪು ಇರಲಿಲ್ಲ. ಹೇಳಿದ್ದು ನಿಜವೋ, ಹಾಗಾಗಲಿ ಎಂಬ ಆಸೆಯೋ, ಮನೆಯವರ ಅಂಜಿಕೆಯೋ ಎಂದು ತಿಳಿಯುವ ದಾರಿಯೂ ಇರಲಿಲ್ಲ. 2012ರಲ್ಲಿ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಸ್ಪಿಟ್ಜರ್ ಈ ದೋಷವನ್ನು ಒಪ್ಪಿಕೊಂಡು ಅಧ್ಯಯನ ಪ್ರಕಟವಾಗಿದ್ದ ಪತ್ರಿಕೆಯಲ್ಲೇ ಪತ್ರ ಬರೆದು ಕ್ಷಮೆ ಯಾಚಿಸಿದರು. ವಿಜ್ಞಾನದ ಬಗ್ಗೆ ನನ್ನ ಗೌರವವನ್ನು ಹೆಚ್ಚಿಸಿದ ಪತ್ರಗಳಲ್ಲಿ ಅದೂ ಒಂದು.

ಅದೇ ವರ್ಷ ಕ್ಯಾಲಿಫೋರ್ನಿಯಾ, 18 ವರ್ಷದೊಳಗಿನವರಿಗೆ ಪರವಾನಗಿ ಹೊಂದಿದ ಚಿಕಿತ್ಸಕರು ಪರಿವರ್ತನಾ ಚಿಕಿತ್ಸೆ, ಅಂದರೆ ಒಲವನ್ನು ಬದಲಿಸುವ ಇಂಥ ಚಿಕಿತ್ಸೆ, ನೀಡುವುದನ್ನು ನಿಷೇಧಿಸಿತು. ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲು. ವಯಸ್ಕರು ತಪ್ಪೋ ಸರಿಯೋ ತಾವೇ ನಿರ್ಧರಿಸಬಲ್ಲರು. ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ತಂದೆತಾಯಿ, ಮತ್ತು ಬದಲಾವಣೆ ಬೇಕೆನ್ನುವವರೂ ಅನೇಕ ವೇಳೆ ಅವರೇ. ಊಟ, ಶಾಲೆ, ಆಸರೆ ಎಲ್ಲಕ್ಕೂ ಅವರನ್ನೇ ನಂಬಿದ ಮಗು 'ಬೇಡ' ಎನ್ನುವುದಾದರೂ ಹೇಗೆ?

2018ರಲ್ಲಿ ಪ್ರಕಟವಾದ, ಅಮೆರಿಕದ ಸಂಶೋಧಕಿ ಕೇಟ್ಲಿನ್ ರಯಾನ್ ನೇತೃತ್ವದ ಅಧ್ಯಯನವೊಂದು 21ರಿಂದ 25 ವಯಸ್ಸಿನ 245 ಲೈಂಗಿಕ ಅಲ್ಪಸಂಖ್ಯಾತರನ್ನು ವಿಚಾರಿಸಿತು. ಹದಿಹರೆಯದಲ್ಲಿ ಬದಲಿಸುವ ಯತ್ನಕ್ಕೆ ಒಳಗಾಗದವರಲ್ಲಿ ಶೇ. 22 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು; ಹೆತ್ತವರು ತಾವೇ ಬದಲಿಸಲು ನೋಡಿ, ಚಿಕಿತ್ಸಕರ ಅಥವಾ ಧರ್ಮಗುರುಗಳ ಬಳಿಗೂ ಕಳುಹಿಸಿದ್ದವರಲ್ಲಿ ಈ ಪ್ರಮಾಣ ಶೇ. 63. ಇದು ನೆನಪನ್ನು ಆಧರಿಸಿದ ಸಮೀಕ್ಷೆ, ಆದ್ದರಿಂದ ಕಾರಣ ಇದೇ ಎಂದು ಅದೊಂದರಿಂದಲೇ ಸಾಧಿಸಲಾಗದು. ಆದರೆ ಮಕ್ಕಳನ್ನು ಎರಡು ಗುಂಪು ಮಾಡಿ ಒಂದರ ಮೇಲೆ ಇಂಥ ಚಿಕಿತ್ಸೆಯನ್ನು ಪ್ರಯೋಗಿಸಿ ನೋಡಲು ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಪ್ರಯೋಜನಕ್ಕೆ ಪುರಾವೆಯಿಲ್ಲದೆ ಹಾನಿಯ ಸೂಚನೆ ಮಾತ್ರ ಇರುವ ಔಷಧಿಯನ್ನು ನಾವು ಮಕ್ಕಳಿಗೆ ಕುಡಿಸುವುದಿಲ್ಲ.

ಭಾರತದಲ್ಲಿ 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ಯತ್ನಗಳನ್ನು ನಿಷೇಧಿಸಬೇಕೆಂದು ಆದೇಶಿಸಿದರು. ತೀರ್ಪು ಬರೆಯುವ ಮೊದಲು, ವಿಷಯ ತಿಳಿದುಕೊಳ್ಳಲು, ಅವರೇ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕುಳಿತು ಪಾಠ ಕೇಳಿದ್ದರು. ಅದೇ ಪ್ರಕರಣದ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಕರ್ನಾಟಕದ ನೋಂದಾಯಿತ ವೈದ್ಯರಿಗೂ ಇದು ಅನ್ವಯಿಸುತ್ತದೆ. ಆದರೆ ತಾಯಿತ ಕಟ್ಟುವವರು, ದೆವ್ವ ಬಿಡಿಸುವವರು, ಯಾವ ಪರಿಷತ್ತಿನಲ್ಲೂ ಹೆಸರಿಲ್ಲದೆ ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡವರು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಗಾಬರಿಗೊಂಡ ಹೆತ್ತವರು ಮೊದಲು ಹೋಗುವುದು ಎಷ್ಟೋ ಬಾರಿ ಇವರ ಬಳಿಗೇ. ಅವರನ್ನೂ ತಡೆಯುವ ಕಾನೂನನ್ನು ಶಾಸನಸಭೆಗಳೇ ರೂಪಿಸಬೇಕು.