ಅಂತರತಾರಾ ಅನಿಲ ಅಷ್ಟು ವಿರಳವಾಗಿದ್ದರೂ ವಿಶ್ವಕಿರಣದ ಎಲೆಕ್ಟ್ರಾನ್‌ಗಳು ಶಕ್ತಿ ಕಳೆದುಕೊಳ್ಳುವುದೇಕೆ?

ಪ್ರಶ್ನೆ: ನಕ್ಷತ್ರಗಳ ನಡುವೆ ಒಂದು ಘನ ಸೆಂಟಿಮೀಟರಿಗೆ ಸರಾಸರಿ ಒಂದು ಪರಮಾಣುವಷ್ಟೇ ಇದೆಯೆನ್ನುತ್ತಾರೆ. ಹಾಗಾದರೆ ವಿಶ್ವಕಿರಣದ, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳ ಧಾರೆಯ, ಭಾಗವಾಗಿ ಬೆಳಕಿನ ವೇಗದ ಸಮೀಪದಲ್ಲಿ ಓಡುವ ಎಲೆಕ್ಟ್ರಾನ್‌ಗಳು ಆಕಾಶಗಂಗೆಯ ಮೂಲೆಮೂಲೆಯಿಂದ ನಮ್ಮನ್ನು ತಲುಪಬೇಕಲ್ಲವೇ?

ಉತ್ತರ: ಅನಿಲವೇ ಏಕೈಕ ಅಡ್ಡಿಯಾಗಿದ್ದರೆ ತಲುಪಬಹುದಿತ್ತು. ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳು ಪರಮಾಣುಗಳನ್ನು ಅಯಾನೀಕರಿಸುತ್ತಾ, ಅಂದರೆ ಅವುಗಳ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತಾ, ಸೊರಗುವುದು ನಿಜ. ಸುಮಾರು ಒಂದು ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯ ಮಾನವಾದ ಎಲೆಕ್ಟ್ರಾನ್‌ವೋಲ್ಟಿನ ನೂರು ಕೋಟಿ ಪಟ್ಟು) ಶಕ್ತಿಯವು ಪರಮಾಣು ಬೀಜಗಳ ಬಳಿ ಬಾಗಿ ಗಾಮಾ ಕಿರಣಗಳನ್ನು ಸೂಸುವುದೂ ನಿಜ. ಆದರೆ ಅದಕ್ಕಿಂತ ಬಹಳ ಹೆಚ್ಚಿನ ಶಕ್ತಿಯಲ್ಲಿ ನಷ್ಟಕ್ಕೆ ಮುಖ್ಯ ಕಾರಣ ಅನಿಲವಲ್ಲ, ಅದರೊಂದಿಗೆ ಹೆಣೆದುಕೊಂಡಿರುವ ಕಾಂತಕ್ಷೇತ್ರ ಮತ್ತು ಎಲ್ಲೆಡೆ ತುಂಬಿರುವ ಬೆಳಕು. ಕೆಲವೇ ಮೈಕ್ರೋಗಾಸ್‌ನಷ್ಟು ದುರ್ಬಲವಾದ ಆ ಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನ್ ಸಿಂಕ್ರೊಟ್ರಾನ್ ವಿಕಿರಣವನ್ನು ಹೊರಸೂಸುತ್ತದೆ. ನಕ್ಷತ್ರಗಳ ಬೆಳಕಿನ ಹಾಗೂ ಮಹಾಸ್ಫೋಟದಿಂದ ಉಳಿದ ಸೂಕ್ಷ್ಮತರಂಗಗಳ ಫೋಟಾನ್‌ಗಳಿಗೆ ಡಿಕ್ಕಿ ಹೊಡೆದು ತನ್ನ ಶಕ್ತಿಯನ್ನು ಅವುಗಳಿಗೆ ದಾಟಿಸುತ್ತದೆ. ಇವೆರಡೂ ನಷ್ಟಗಳು ಶಕ್ತಿಯ ವರ್ಗಕ್ಕೆ ಅನುಗುಣವಾಗಿ ಏರುತ್ತವೆ: ಶಕ್ತಿ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. ಆದ್ದರಿಂದ ಹೆಚ್ಚು ಶಕ್ತಿಯುಳ್ಳ ಎಲೆಕ್ಟ್ರಾನಿನ ಆಯುಸ್ಸೇ ಕಡಿಮೆ: 10 ಗಿಗಾ ಎಲೆಕ್ಟ್ರಾನ್‌ವೋಲ್ಟಿನದು ಕೆಲವು ಕೋಟಿ ವರ್ಷ ಉಳಿದರೆ, ಅದರ ನೂರು ಪಟ್ಟು ಶಕ್ತಿಯದು, ಅಂದರೆ ಒಂದು ಟೆರಾ ಎಲೆಕ್ಟ್ರಾನ್‌ವೋಲ್ಟಿನದು, ಕೆಲವು ಲಕ್ಷ ವರ್ಷಗಳಲ್ಲೇ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಪ್ರೋಟಾನುಗಳಿಗೆ ಈ ಕಷ್ಟವಿಲ್ಲ. ಅವು ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರವಾಗಿರುವುದರಿಂದ ಅವುಗಳ ವಿಕಿರಣ ತೀರಾ ನಗಣ್ಯ.

ಕೆಲವು ಲಕ್ಷ ವರ್ಷಗಳೂ ಕಡಿಮೆ ಕಾಲವೇನಲ್ಲ. ನೇರವಾಗಿ ಸಾಗಿದ್ದರೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಆಕಾಶಗಂಗೆಯನ್ನೇ ದಾಟಬಹುದಿತ್ತು. ಆದರೆ ನೇರ ಹಾದಿ ಅವುಗಳಿಗಿಲ್ಲ. ಕಾಂತಕ್ಷೇತ್ರದ ಏರುಪೇರುಗಳು ಎಲೆಕ್ಟ್ರಾನನ್ನು ಮತ್ತೆ ಮತ್ತೆ ದಿಕ್ಕು ತಪ್ಪಿಸುವುದರಿಂದ ಅದರ ಪಯಣ ನೀರಿಗೆ ಬಿದ್ದ ಶಾಯಿ ಹರಡುವಂತೆ ನಡೆಯುತ್ತದೆ: ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಕಾಲ ಬೇಕು. ಹೀಗಾಗಿ ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯವು ಕೆಲವು ಸಾವಿರ ಜ್ಯೋತಿರ್ವರ್ಷಗಳಾಚೆಯಿಂದ ನಮ್ಮನ್ನು ತಲುಪುವುದು ಬಹಳ ಅಪರೂಪ.

ಈ ಮಿತಿಯೇ ಖಗೋಳವಿಜ್ಞಾನಿಗಳಿಗೆ ದೊಡ್ಡ ಅನುಕೂಲವೆಂದು ನನ್ನ ಭಾವನೆ. ಚೀನಾದ ಡ್ಯಾಂಪಿ ಉಪಗ್ರಹದ ತಂಡ 2017ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಸುಮಾರು 0.9 ಟೆರಾ ಎಲೆಕ್ಟ್ರಾನ್‌ವೋಲ್ಟಿನಾಚೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ (ಧನ ವಿದ್ಯುದಾವೇಶದ ಪ್ರತಿಎಲೆಕ್ಟ್ರಾನ್‌ಗಳ) ಒಟ್ಟು ಸಂಖ್ಯೆ ಇನ್ನಷ್ಟು ಕಡಿದಾಗಿ ಇಳಿಯುತ್ತದೆ. ಅದಕ್ಕೂ ಮೇಲಿನ ಶಕ್ತಿಯಲ್ಲಿ ಸಿಗುವ ಪ್ರತಿಯೊಂದು ಎಲೆಕ್ಟ್ರಾನಿನ ಮೂಲವನ್ನು ನೆರೆಹೊರೆಯಲ್ಲೇ ಹುಡುಕಬೇಕಾಗುತ್ತದೆ. ಸುಮಾರು ಸಾವಿರ ಜ್ಯೋತಿರ್ವರ್ಷ ದೂರದ ವೇಲಾ ಸೂಪರ್‌ನೋವಾ ಅವಶೇಷದ (ಸ್ಫೋಟಿಸಿದ ನಕ್ಷತ್ರವೊಂದರ ಉಳಿಕೆಯ) ಹೆಸರು ಈ ಚರ್ಚೆಯಲ್ಲಿ ಪದೇಪದೇ ಬರುವುದು ಅದರಿಂದಲೇ.